ಕಲಿಸುವ ಕೈ

ಬೆಟಗೇರಿಯ ಬಳೆಗಾರ್ತಿ ಗುರಸಿದ್ದವ್ವನ ಬಲಗೈ ಒಂದು ದಿನ ಬೆಳಿಗ್ಗೆ ಮುಚ್ಚಿಕೊಂಡದ್ದು ಮತ್ತೆ ತೆರೆಯಲಿಲ್ಲ. ಅಂಗಡಿಯ ಬಾಗಿಲು ತೆಗೆದು, ಕಸ ಹೊಡೆದು, ದೇವರ ಫೋಟೋದ ಮುಂದೆ ಊದಿನಕಡ್ಡಿ ಹಚ್ಚುವಾಗ ಕಡ್ಡಿ ಕೈಯಿಂದ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದಳು, ಬಗ್ಗಿದ್ದಷ್ಟೇ ನೆನಪು. ಎಚ್ಚರವಾದಾಗ ಆಸ್ಪತ್ರೆಯಲ್ಲಿದ್ದಳು. ತಲೆಯೊಳಗೆ ಒಂದು ರಕ್ತನಾಳ ಕಟ್ಟಿಕೊಂಡು, ಕೈಯನ್ನು ಆಳುವ ಭಾಗಕ್ಕೆ ರಕ್ತ ಸಿಗದೆ ಅಲ್ಲಿನ ಜೀವಕೋಶಗಳು ಸತ್ತಿವೆ ಎಂದು ಡಾಕ್ಟರು ಹೇಳಿದರು. ಲಕ್ವ ಹೊಡೆಯಿತು ಎಂದು ಓಣಿಯವರು ಹೇಳಿದರು. ಎರಡೂ ಒಂದೇ.

ಮಾತು ಉಳಿಯಿತು. ಕಾಲು ತುಸು ಎಳೆದರೂ ನಡೆದಾಡಲು ಅಡ್ಡಿಯಾಗಲಿಲ್ಲ. ಆದರೆ ಬಲಗೈ ಬೆರಳುಗಳು ಅಂಗೈಯೊಳಗೆ ಮಡಚಿಕೊಂಡು ಕುಳಿತವು. ಕಷ್ಟಪಟ್ಟು ಬಿಡಿಸಿದರೆ ನಡುಗುತ್ತಿದ್ದವು; ಏನನ್ನಾದರೂ ಹಿಡಿಯಲು ಹೋದರೆ ಒಂದೋ ಹಿಡಿತ ಸಿಗುತ್ತಿರಲಿಲ್ಲ, ಇಲ್ಲವೇ ಬಿಡಲು ಬರುತ್ತಿರಲಿಲ್ಲ.

ಗಾಜಿನ ಬಳೆ ಇಡಿಸುವುದು ನೋಡುವವರಿಗೆ ಸಲೀಸಾದ ಕೆಲಸ. ಗಿರಾಕಿಯ ಕೈಯನ್ನು ಎಡಗೈಯಲ್ಲಿ ಹಿಡಿದು, ಹೆಬ್ಬೆರಳಿನ ಬುಡವನ್ನು ಮೆಲ್ಲಗೆ ಒಳಕ್ಕೆ ಒತ್ತಬೇಕು. ಆ ಕೈ ಬಿಗುವು ಬಿಟ್ಟ ಗಳಿಗೆಯಲ್ಲೇ ಬಲಗೈಯಿಂದ ಬಳೆಯನ್ನು ಗೆಣ್ಣು ದಾಟಿಸಬೇಕು. ಒಂಚೂರು ಹೆಚ್ಚು ಒತ್ತಿದರೆ ಗಾಜು ಹೋಯಿತು. ಕಡಿಮೆಯಾದರೆ ಬಳೆ ಅಲ್ಲೇ ನಿಂತಿತು. ಗುರಸಿದ್ದವ್ವ ಇದನ್ನು ಅಪ್ಪನ ಅಂಗಡಿಯಲ್ಲಿ ಕಲಿತು, ಗಂಡ ಸತ್ತ ಮೇಲೆ ಅದೇ ಅಂಗಡಿಯಲ್ಲಿ ಕುಳಿತು ವಯಸ್ಸು ಕಳೆದವಳು. ಮದುವೆ ಮನೆಗಳಿಗೆ ಅವಳನ್ನು ಕರೆಯುತ್ತಿರಲಿಲ್ಲ, ಅಂಗಡಿಗೆ ಮಾತ್ರ ಹುಡುಕಿಕೊಂಡು ಬರುತ್ತಿದ್ದರು. ಕೈ ಹಿಡಿದರೆ ಸಾಕು, ಕಣ್ಣು ಮುಚ್ಚಿ ಯಾರೆಂದು ಹೇಳಬಲ್ಲೆ ಎಂದು ಅವಳು ಜಂಬ ಕೊಚ್ಚುತ್ತಿದ್ದಳು, ಹೇಳುತ್ತಲೂ ಇದ್ದಳು. ಇದು ಮಗ್ಗದ ಕೈ, ಇದು ರೊಟ್ಟಿ ಬಡಿಯುವ ಕೈ, ಇದು ಅತ್ತೆಗೆ ಹೆದರುವ ಕೈ. ಊರಿನ ಹೆಣ್ಣುಮಕ್ಕಳ ಕೈಗಳೆಲ್ಲ ಅವಳ ಕೈ ಹಾದು ಹೋಗಿದ್ದವು. ಅವಳ ಮಣಿಕಟ್ಟಿನ ಬಳೆ ತೆಗೆಸಿದ ಮೇಲೆ ಅವಳ ಕೈಯನ್ನು ಮಾತ್ರ ಯಾರೂ ಹಿಡಿದಿರಲಿಲ್ಲ. ಹಿಡಿಯಲು ಯಾರಿಗೂ ಕಾರಣವೂ ಇರಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಅಂಗಡಿ ಮುಚ್ಚಿತು. ಮೊದಮೊದಲು ನೋಡಲು ಜನ ಬಂದರು. ಆಮೇಲೆ ಅವಳೇ ಜನರನ್ನು ತಪ್ಪಿಸತೊಡಗಿದಳು. ಅದಕ್ಕೆ ಕಾರಣ ಬಲಗೈಯಲ್ಲ, ಎಡಗೈ. ತೊಳೆಯುವ ಕೈಯಲ್ಲೇ ಈಗ ಉಣ್ಣಬೇಕಿತ್ತು, ಕೊಡಬೇಕಿತ್ತು, ದೇವರಿಗೆ ಕುಂಕುಮ ಹಚ್ಚಬೇಕಿತ್ತು. ಒಮ್ಮೆ ಪಕ್ಕದ ಮನೆಯ ಸೀಮಂತದ ಊಟಕ್ಕೆ ಹೋಗಿ ಎಲೆಯ ಮುಂದೆ ಕುಳಿತವಳು, ಎಡಗೈ ಅನ್ನಕ್ಕೆ ಹೋದಾಗ ಎದುರು ಸಾಲಿನ ಹುಡುಗಿ ನೋಡಿದ್ದನ್ನು ನೋಡಿದಳು. ಗುರಸಿದ್ದವ್ವ ಹಸಿವಿಲ್ಲ ಎಂದು ಎದ್ದು ಬಂದಳು. ಅಂದಿನಿಂದ ಯಾರ ಮನೆಗೂ ಹೋಗಲಿಲ್ಲ. ಖಾನಾವಳಿಯ ಸಾವಂತ್ರೆವ್ವ ದಿನಾ ರೊಟ್ಟಿ-ಪಲ್ಯ ತಂದು ಕೊಟ್ಟು, ಅವಸರದಲ್ಲೇ ಅವಳ ತಲೆ ಬಾಚಿ ಗಂಟು ಕಟ್ಟಿ ಹೋಗುತ್ತಿದ್ದಳು. ಗುರಸಿದ್ದವ್ವ ಒಳಗಿನಿಂದ ಚಿಲಕ ಹಾಕಿಕೊಂಡು, ಗೋಡೆಗೆ ಮುಖ ಮಾಡಿ, ಚಮಚದಲ್ಲಿ ಉಣ್ಣುತ್ತಿದ್ದಳು. ತನ್ನ ಎಡಗೈ ಕಂಡರೆ ಅವಳಿಗೆ ಹೇಸಿಗೆಯಾಗುತ್ತಿತ್ತು.

*

ಲಕ್ವ ಹೊಡೆದ ಕೈಗೆ ಇನ್ನೊಂದು ಕೈಯಿಂದ ಪಾಠ ಹೇಳಿಸುವ ವಿದ್ಯೆ ನಮ್ಮ ಕಡೆಗೆ ಬಂದು ಆಗಿನ್ನೂ ಹೆಚ್ಚು ದಿನವಾಗಿರಲಿಲ್ಲ. ಹುಬ್ಬಳ್ಳಿಯಲ್ಲಿ ಅದಕ್ಕೊಂದು ಕೇಂದ್ರ ತೆರೆದಿದ್ದರು. ಗದಗಿನ ಡಾಕ್ಟರು ಒತ್ತಾಯ ಮಾಡಿ ಚೀಟಿ ಬರೆದುಕೊಟ್ಟಿದ್ದರಿಂದ ಗುರಸಿದ್ದವ್ವ ರೈಲು ಹತ್ತಿದಳು.

ಅಲ್ಲಿ ಫರ್ಹಾನಾ ಎಂಬ ಇಂಜಿನಿಯರ್ ಹೆಣ್ಣುಮಗಳು ಅವಳಿಗೆ ವಿಷಯ ತಿಳಿಸಿ ಹೇಳಿದಳು. ಒಂದು ಲೋಟವನ್ನು ಎತ್ತುವಾಗ ಆರೋಗ್ಯದ ಕೈ ಎಷ್ಟೋ ಲೆಕ್ಕ ಹಾಕುತ್ತದೆ. ಜಾರದಿರಲು ಎಷ್ಟು ಬೇಕೋ ಅದಕ್ಕಿಂತ ತುಸುವೇ ಹೆಚ್ಚು ಬಲ ಹಾಕುತ್ತದೆ. ಯಾವ ಬೆರಳು ಮೊದಲು, ಯಾವುದು ಆಮೇಲೆ, ಯಾವಾಗ ಸಡಿಲ ಎಂಬುದೆಲ್ಲ ನಮಗೆ ತಿಳಿಯದಂತೆಯೇ ನಡೆಯುತ್ತದೆ. ಲಕ್ವ ಹೊಡೆದ ಕೈ ಮರೆತದ್ದು ಈ ಲೆಕ್ಕವನ್ನು. ಆದ್ದರಿಂದ ಒಂದು ಒಳ್ಳೆಯ ಕೈಯ ಹಿಡಿತವನ್ನು ಗವಸಿನ ಮೂಲಕ ದಾಖಲು ಮಾಡಿ, ಅದನ್ನೇ ರೋಗಿಯ ಮುಂಗೈಗೆ ಸುತ್ತಿದ ಪಟ್ಟಿಯಿಂದ ಸಣ್ಣ ಸಣ್ಣ ವಿದ್ಯುತ್ ಮಿಡಿತಗಳಾಗಿ ಸ್ನಾಯುಗಳಿಗೆ ಕೊಡುತ್ತಾರೆ. ರೋಗಿಯ ಕೈ ಆ ಕೈಯ ಹಾಗೆಯೇ ಹಿಡಿಯುತ್ತದೆ, ಬಿಡುತ್ತದೆ. ದಿನವೂ ಹೀಗೆ ಮಾಡಿಸಿದರೆ ಮೆದುಳಿನಲ್ಲಿ ಸತ್ತ ಭಾಗದ ಪಕ್ಕದಲ್ಲಿ ಬದುಕಿರುವ ಭಾಗ ನಿಧಾನವಾಗಿ ಆ ಕೆಲಸವನ್ನು ವಹಿಸಿಕೊಳ್ಳುತ್ತದೆ. ಲಕ್ವ ಹೊಡೆದ ಮೇಲೆ ಕೆಲವು ತಿಂಗಳು ಮಾತ್ರ ಮೆದುಳು ಹೀಗೆ ಕಲಿಯಲು ಮೆತ್ತಗಿರುತ್ತದೆ. ಆಮೇಲೆ ಕಲಸಿಟ್ಟ ಸಿಮೆಂಟಿನಂತೆ ಗಟ್ಟಿಯಾಗುತ್ತದೆ, ಹೊತ್ತು ಕಳೆಯಬೇಡಿ ಎಂದು ಫರ್ಹಾನಾ ಎರಡು ಸಲ ಹೇಳಿದಳು.

ಪಾಠ ಹೇಳುವ ಕೈಗೆ ಅವರ ಭಾಷೆಯಲ್ಲಿ ಕಲಿಸುವ ಕೈ ಎಂದು ಹೆಸರು. ಮಗಳದೋ ತಂಗಿಯದೋ ಕೈಯಾದರೆ ಒಳ್ಳೆಯದು, ರಕ್ತ ಸಂಬಂಧದವರ ಹಿಡಿತ ಬೇಗ ಹೊಂದುತ್ತದೆ, ಯಾರನ್ನಾದರೂ ಕರೆದುಕೊಂಡು ಬರುತ್ತೀರಾ ಎಂದು ಫರ್ಹಾನಾ ಕೇಳಿದಳು. ಯಾರೂ ಇಲ್ಲ ಎಂದು ಗುರಸಿದ್ದವ್ವ ಹೇಳಿದಳು. ಹಾಗಾದರೆ ಬೇರೆ ವ್ಯವಸ್ಥೆ ಮಾಡುತ್ತೇವೆ ಎಂದು ಫರ್ಹಾನಾ ಅವಳ ಎರಡೂ ಕೈಗೆ ಗವಸು ಹಾಕಿ, ಲೋಟ, ರಬ್ಬರ್ ಚೆಂಡು, ಬಾಗಿಲ ಹಿಡಿಕೆ, ಕಡಲೆಕಾಳು ಎಲ್ಲವನ್ನೂ ಒಂದೊಂದಾಗಿ ಹಿಡಿಸಿ ಪರೀಕ್ಷೆ ಮಾಡಿದಳು. ಕೊನೆಗೆ ತನ್ನ ಕೈಯನ್ನೂ ಅವಳ ಕೈಗೆ ಕೊಟ್ಟು ಹಿಡಿಯಿರಿ ಎಂದಳು. ಸಂಜೆಯತನಕ ಅದೇ ಆಯಿತು. ಮುಂದಿನ ವಾರ ಹೋದಾಗ ಹೊಂದುವ ಕೈ ಸಿಕ್ಕಿದೆ ಎಂದು ಗವಸು, ಪಟ್ಟಿ, ಒಂದು ಚಿಕ್ಕ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಟ್ಟರು.

ಯಾರ ಕೈ ಎಂದು ಅವಳು ಹೊರಗಿನ ಕೌಂಟರಿನಲ್ಲಿ ಕೇಳಿದಳು. ಕುಳಿತಿದ್ದವನು ತಲೆ ಎತ್ತದೆ, ಹೆಸರು ಹೇಳುವ ಹಾಗಿಲ್ಲ, ನಿಯಮ ಎಂದ. ಅವನಿಗೆ ಗೊತ್ತಿದ್ದದ್ದು ನಿಯಮ ಮಾತ್ರ.

*

ಮೊದಲ ಸಂಜೆ ಅವಳು ಹೆದರುತ್ತಲೇ ಪಟ್ಟಿ ಸುತ್ತಿಕೊಂಡು ಗುಂಡಿ ಒತ್ತಿದಳು. ಮುಂಗೈಯಲ್ಲಿ ಇರುವೆ ಹರಿದಂತಾಯಿತು. ಆಮೇಲೆ, ತಾನು ಏನೂ ಮಾಡದೆ, ತನ್ನ ಬಲಗೈ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಮುಂದಿಟ್ಟಿದ್ದ ಲೋಟದ ಸುತ್ತ ಹೋಗಿ ಅದನ್ನು ಹಿಡಿದವು. ನಡುಗಲಿಲ್ಲ. ಲೋಟ ಎದ್ದಿತು, ಇಳಿಯಿತು. ಬಿಡುವ ಮುಂಚೆ ಹೆಬ್ಬೆರಳು ಲೋಟದ ಮೈಯನ್ನು ಒಮ್ಮೆ ಮೆಲ್ಲಗೆ ಸವರಿ ಬಿಟ್ಟಿತು.

ಆ ಸವರುವಿಕೆ ಪಾಠದಲ್ಲಿ ಬೇಕಾದದ್ದಲ್ಲ ಎಂಬುದು ಗುರಸಿದ್ದವ್ವನಿಗೆ ತಕ್ಷಣ ತಿಳಿಯಿತು. ಅದು ಯಾರೋ ಒಬ್ಬರ ಅಭ್ಯಾಸ. ಕೈಗಳ ವಿಷಯದಲ್ಲಿ ಅವಳು ಪಳಗಿದವಳಲ್ಲವೇ? ಕೂತಲ್ಲೇ ಲೆಕ್ಕ ಹಾಕಿದಳು. ಇದು ಹೆಣ್ಣಿನ ಕೈ. ಬಿಗಿಯಾಗಿ ಹಿಡಿದರೂ ನೋಯಿಸುವುದಿಲ್ಲ, ಹಾಗಾದರೆ ಚಿಕ್ಕ ಮಕ್ಕಳನ್ನು ಮೀಯಿಸಿದ ಕೈ. ಅವಸರವಿಲ್ಲ, ಹಾಗಾದರೆ ವಯಸ್ಸಾಗಿದೆ, ಮನೆಯಲ್ಲಿ ಸೊಸೆ ಇದ್ದಾಳೆ. ಸವರುವುದನ್ನು ನೋಡಿದರೆ ಪುಣ್ಯಾತ್ಗಿತ್ತಿ, ಎಲ್ಲರನ್ನೂ ಮುಟ್ಟಿ ಮಾತಾಡಿಸುವವಳು. ಧಾರವಾಡದ ಕಡೆಯವಳೇ ಇರಬೇಕು ಎಂದು ಯಾಕೋ ತೀರ್ಮಾನವಾಯಿತು.

ಪಾಠ ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಅರ್ಧ ತಾಸು. ಕೆಲವೇ ದಿನಗಳಲ್ಲಿ ಗುರಸಿದ್ದವ್ವನ ದಿನವೆಲ್ಲ ಆ ಅರ್ಧ ತಾಸಿನ ಕಡೆಗೇ ಮುಖ ಮಾಡಿ ನಿಂತಿತು. ಪಾಠಕ್ಕೆ ಮುಂಚೆ ಮುಖ ತೊಳೆಯುವಳು. ಸೀರೆ ಸರಿಮಾಡಿಕೊಳ್ಳುವಳು. ಡಬ್ಬಿಯ ದೀಪ ಹಸಿರಾದೊಡನೆ, ಬಂದಿಯೇನವ್ವಾ ಎಂದು ಮಾತಾಡಿಸುವಳು. ಸಾವಂತ್ರೆವ್ವ ಉಪ್ಪು ಹೆಚ್ಚು ಹಾಕಿದ್ದು, ಓಣಿಯ ನಳದಲ್ಲಿ ನೀರು ಬಾರದ್ದು, ರೈಲಿನಲ್ಲಿ ಕಿಟಕಿಯ ಜಾಗಕ್ಕೆ ಇಬ್ಬರು ಜಗಳಾಡಿದ್ದು ಎಲ್ಲ ಹೇಳುವಳು. ಆ ಕಡೆಯವಳಿಗೆ ಇದು ಕೇಳಿಸುವುದಿಲ್ಲ ಎಂದು ಗೊತ್ತಿತ್ತು. ಕೈಯಷ್ಟೇ ದಾಖಲು ಮಾಡಿದ್ದಾರೆ, ಅದೂ ಯಾವತ್ತೋ, ಎಂದೂ ಗೊತ್ತಿತ್ತು. ಅವಳು ಹುಚ್ಚಿಯಲ್ಲ. ಆದರೆ ಒಂದು ಜೀವ ತನ್ನ ಕೈಯೊಳಗೆ ಬಂದು ಕುಳಿತು ತನ್ನ ಬೆರಳನ್ನು ಬಿಡಿಸಿ ಹಿಡಿಸುತ್ತಿರುವಾಗ ಸುಮ್ಮನೆ ಕೂರಲು ಯಾರಿಗಾದರೂ ಆಗುತ್ತದೆಯೇ?

ಪಾಠದ ಕೊನೆಗೆ ಕೈಯನ್ನೇ ಹಿಡಿಯುವ ಅಭ್ಯಾಸವಿತ್ತು. ಆಗ ಅವಳು ತನ್ನ ಎಡಗೈಯನ್ನು ಮುಂದೆ ಚಾಚಬೇಕು, ಬಲಗೈ ಅದನ್ನು ಹಿಡಿಯುತ್ತದೆ. ಹೊಲಸು ಕೈಯನ್ನು ಆ ಪುಣ್ಯಾತ್ಗಿತ್ತಿಯ ಕೈಗೆ ಕೊಡಲು ಅವಳಿಗೆ ಸಂಕೋಚವಾಗಿ, ಮೊದಲು ಸೋಪು ಹಚ್ಚಿ ತಿಕ್ಕಿ ತೊಳೆದುಕೊಳ್ಳುತ್ತಿದ್ದಳು. ಆ ಕೈ ಬಂದು ಹಿಡಿಯುತ್ತಿತ್ತು. ಹೆಬ್ಬೆರಳು ಮುಂಗೈಯ ಮೇಲೆ ಸವರುತ್ತಿತ್ತು. ಗಂಡ ಹೋದ ಮೇಲೆ ಇಷ್ಟು ವರ್ಷಗಳಲ್ಲಿ ಅವಳನ್ನು ಹೀಗೆ ಹಿಡಿದವರಿರಲಿಲ್ಲ. ಅವಳು ಕಣ್ಣು ಮುಚ್ಚಿ ಕೂರುತ್ತಿದ್ದಳು. ಡಬ್ಬಿಯ ದೀಪ ಆರಿದ ಮೇಲೆ ಮನೆ ಮೊದಲಿಗಿಂತ ದೊಡ್ಡದಾಗಿ ಕಾಣುತ್ತಿತ್ತು.

ಕೈ ಸುಧಾರಿಸುತ್ತಾ ಬಂತು. ಪಟ್ಟಿ ಇಲ್ಲದಾಗಲೂ ಬೆರಳು ಬಿಚ್ಚತೊಡಗಿದವು. ಒಂದು ದಿನ ಸಾವಂತ್ರೆವ್ವ ಬರುವುದು ತಡವಾದಾಗ ಗುರಸಿದ್ದವ್ವ ತಾನೇ ತಲೆಯ ಗಂಟು ಕಟ್ಟಿಕೊಂಡಳು, ಸೊಟ್ಟಗಿತ್ತು, ನಿಂತಿತು. ಅವಳಿಗೆ ಹಿಗ್ಗಾಗಬೇಕಿತ್ತು. ಆಯಿತು ಕೂಡ.

*

ವಾರದ ಭೇಟಿಗೆ ಹೋದಾಗ ಫರ್ಹಾನಾ ಸಂತೋಷದಿಂದಲೇ ಸುದ್ದಿ ಹೇಳಿದಳು. ಇನ್ನು ಪರೀಕ್ಷೆ ಮಾಡೋಣ, ತೇರ್ಗಡೆಯಾದರೆ ಕಲಿಸುವ ಕೈಯನ್ನು ತೆಗೆದುಬಿಡೋಣ. ಊರುಗೋಲು ಬಿಡದೆ ನಡೆಯಲು ಬರುವುದಿಲ್ಲ. ಕಲಿಸುವ ಕೈ ಜಾಸ್ತಿ ದಿನ ಇದ್ದರೆ ಮೆದುಳು ಸೋಮಾರಿಯಾಗಿ ತಾನಾಗಿ ಕಲಿಯುವುದನ್ನು ನಿಲ್ಲಿಸುತ್ತದೆ. ಪರೀಕ್ಷೆಯಲ್ಲಿ ಸೋತರೆ ಮಾತ್ರ ಇನ್ನೂ ಸ್ವಲ್ಪ ದಿನ ಮುಂದುವರಿಸುತ್ತೇವೆ ಎಂದಳು.

ಪರೀಕ್ಷೆಯನ್ನು ಅವಳ ಕಸುಬಿಗೆ ತಕ್ಕಂತೆ ಮಾಡಿದ್ದರು. ಮೇಜಿನ ಮೇಲೆ ರಬ್ಬರಿನ ಕೈಯೊಂದು ನಿಂತಿತ್ತು; ಪಕ್ಕದ ತಟ್ಟೆಯಲ್ಲಿ ಹಸಿರು ಗಾಜಿನ ಬಳೆ. ಬಳೆಯನ್ನು ಎತ್ತಿ, ಒಡೆಯದಂತೆ, ಬೀಳಿಸದಂತೆ ಗೆಣ್ಣು ದಾಟಿಸಬೇಕು. ಪಟ್ಟಿಯ ಮಿಡಿತವನ್ನು ಅರ್ಧಕ್ಕೆ ಇಳಿಸಿ, ಫರ್ಹಾನಾ ಗಾಜಿನ ಗೋಡೆಯ ಆಚೆಯ ಕೋಣೆಯಲ್ಲಿ ಪರದೆಗಳ ಮುಂದೆ ಕುಳಿತಳು. ಗುರಸಿದ್ದವ್ವ ಬಳೆ ಎತ್ತಿದಳು. ಅದರ ತಂಪು ಬೆರಳಿಗೆ ತಾಗಿದೊಡನೆ ಕೈಗೆ ಹಳೆಯದೆಲ್ಲ ನೆನಪಾಯಿತು. ಗೆಣ್ಣಿನ ತನಕ ತಂದಳು. ಇನ್ನೊಂದು ಸಲ ಒತ್ತಿದರೆ ದಾಟುತ್ತಿತ್ತು. ದಾಟಿದರೆ ಆ ಕೈ ಹೋಗುತ್ತಿತ್ತು.

ಬಳೆಗಾರರು ಬಳೆ ಒಡೆಯಿತು ಎಂಬ ಮಾತನ್ನೇ ಬಾಯಿಗೆ ತರುವವರಲ್ಲ. ಗುರಸಿದ್ದವ್ವನ ಅಪ್ಪ, ಅಂಗಡಿಯಲ್ಲಿ ಕೈ ತಪ್ಪಿ ಒಂದು ಬಳೆ ಹೋದರೆ ಅವತ್ತು ಮಧ್ಯಾಹ್ನದ ಊಟ ಬಿಡುತ್ತಿದ್ದ. ಅಂಥವನ ಮಗಳು ಅಂದು ಬೇಕೆಂದೇ ಬೆರಳು ಬಿಗಿದಳು. ಚೂರುಗಳು ಮೇಜಿನ ಮೇಲೆ ಬಿದ್ದವು. ಪರವಾಗಿಲ್ಲ, ಮುಂದಿನ ಸಲ ನೋಡೋಣ ಎಂದು ಫರ್ಹಾನಾ ಸಮಾಧಾನ ಹೇಳಿದಳು. ಗುರಸಿದ್ದವ್ವ ಮನೆಗೆ ಬಂದು ಉಪವಾಸ ಮಲಗಿದಳು. ಆದರೆ ಸಂಜೆಯ ಪಾಠ ಉಳಿದಿತ್ತು.

ಮುಂದಿನ ಪರೀಕ್ಷೆಯಲ್ಲೂ ಒಡೆದಳು. ಮೆದುಳು ಮೆತ್ತಗಿರುವ ತಿಂಗಳುಗಳು ಮುಗಿಯುತ್ತಾ ಬಂದಿವೆ, ಹೀಗಾದರೆ ಕೈ ಅರ್ಧಕ್ಕೇ ನಿಂತುಬಿಡುತ್ತದೆ ಎಂದು ಫರ್ಹಾನಾ ಕಳವಳದಿಂದ ಹೇಳಿದಳು. ಗುರಸಿದ್ದವ್ವ ರೈಲಿನಲ್ಲಿ ಅದನ್ನೇ ಯೋಚಿಸಿದಳು. ಕೈ ಪೂರ್ತಿ ಬಂದರೆ ಅಂಗಡಿ ತೆರೆಯಬಹುದು, ನಾಲ್ಕು ಜನರ ನಡುವೆ ಕೂತು ಉಣ್ಣಬಹುದು. ಬಾರದಿದ್ದರೆ ಚಮಚ, ಗೋಡೆ, ಮತ್ತೆ ಸಂಜೆಯ ಅರ್ಧ ತಾಸು. ತೂಗಿ ನೋಡಿದಳು. ಗದಗಿನ ಸ್ಟೇಷನ್ ಬರುವಷ್ಟರಲ್ಲಿ ಅರ್ಧ ತಾಸೇ ತೂಕವಾಗಿತ್ತು.

*

ಅದರ ಮುಂದಿನ ಸಲ ಬಳೆ ಒಡೆದಾಗ ಫರ್ಹಾನಾ ಸಮಾಧಾನ ಹೇಳಲಿಲ್ಲ. ಆಚೆಯ ಕೋಣೆಯಿಂದ ಎದ್ದು ಬಂದು, ಚೂರುಗಳನ್ನು ಬಟ್ಟೆಯಿಂದ ಬಳಿದು ಬದಿಗಿಟ್ಟು, ಕುರ್ಚಿ ಎಳೆದು ಎದುರಿಗೆ ಕುಳಿತಳು.

"ಅಮ್ಮಾರ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಇವತ್ತ ನಾ ಪಟ್ಟಿ ಪೂರಾ ಬಂದ್ ಮಾಡಿದ್ದೆ. ನಿಮ್ಮ ಕೈ ತಾನ ಹೋತು, ತಾನ ಹಿಡೀತು, ಒಂದೀಟೂ ನಡಗಲಿಲ್ಲ. ಬಳಿ ಗೆಣ್ಣಿನ ಮ್ಯಾಲ ನಿಂತು, ಆಮ್ಯಾಲ ಒಡೀತು. ನೀವು ಬೇಕಂತ ಒಡದೀರಿ."

ಗುರಸಿದ್ದವ್ವ ಕದ್ದು ಸಿಕ್ಕಿಬಿದ್ದವಳ ಹಾಗೆ ತಲೆ ತಗ್ಗಿಸಿದಳು. ಫರ್ಹಾನಾ ಬಯ್ಯಲಿಲ್ಲ, ಎದ್ದೂ ಹೋಗಲಿಲ್ಲ, ಕಾಯುತ್ತಾ ಕುಳಿತಳು. ಕಾಯುವವರ ಮುಂದೆ ಸುಳ್ಳು ಹೇಳುವುದು ಕಷ್ಟ.

"ಆಕಿನ್ನ ಕಳಸಬ್ಯಾಡ್ರಿ ಬಾಯಾರ," ಎಂದಳು ಗುರಸಿದ್ದವ್ವ.

"ಯಾರನ್ನ?"

"ಕಲಿಸೂ ಕೈ ಆಕಿದು. ಆಕಿ ಹೆಸರು ನಂಗ ಬ್ಯಾಡ, ಊರೂ ಬ್ಯಾಡ. ದಿನಾ ಸಂಜೀಕ ಬಂದು ನನ್ನ ಕೈ ಹಿಡೀತಾಳ. ಅಷ್ಟ ಸಾಕು. ಈ ಕೈ ನೆಟ್ಟಗಾಗದಿದ್ರೂ ನಡೀತೈತಿ."

ಫರ್ಹಾನಾಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವಳ ಪಾಲಿಗೆ ಅದೊಂದು ದಾಖಲೆ, ದಿನಾ ಹತ್ತಾರು ಅಂಥವನ್ನು ತೆರೆದು ಮುಚ್ಚುವವಳು. ಈ ಹೆಂಗಸಿಗೆ ಹೇಳಬೇಕಾಗಿತ್ತು ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. ಮಾತನ್ನು ಹುಡುಕುತ್ತಾ, ತಡವರಿಸುತ್ತಾ ಹೇಳಿದಳು. ಬೇರೆಯವರಿಂದ ದಾಖಲು ಮಾಡಿ ಕೂಡಿಟ್ಟ ಕೈಗಳಲ್ಲಿ ಯಾವುದೂ ಹೊಂದಿರಲಿಲ್ಲ. ಮೊದಲ ದಿನ ಎರಡೂ ಕೈಗೆ ಗವಸು ಹಾಕಿ ಪರೀಕ್ಷೆ ಮಾಡಿದ್ದೆವಲ್ಲ, ಆಗ ಸಿಕ್ಕಿದ ಹಿಡಿತಗಳಲ್ಲಿ ಒಂದು ಬಹಳ ಚೆನ್ನಾಗಿತ್ತು. ಅದನ್ನೇ ಕನ್ನಡಿಯಲ್ಲಿ ತಿರುಗಿಸಿದ ಹಾಗೆ ತಿರುಗಿಸಿ ಹಾಕಿದೆವು.

"ಬ್ಯಾರೆ ಯಾರೂ ಇಲ್ಲ, ಅಮ್ಮಾರ. ಅದು ನಿಮ್ಮದ ಎಡಗೈ."

ಗುರಸಿದ್ದವ್ವ ನಂಬಲಿಲ್ಲ. ತನಗೆ ಹೆಬ್ಬೆರಳು ಸವರುವ ಅಭ್ಯಾಸವೇ ಇಲ್ಲ ಎಂದು ವಾದಿಸಿದಳು. ಫರ್ಹಾನಾ ಮೊದಲ ದಿನದ ಚಿತ್ರವನ್ನು ಪರದೆಯ ಮೇಲೆ ಹಾಕಿ ತೋರಿಸಿದಳು. ಎಡಗೈ ಲೋಟ ಹಿಡಿಯಿತು, ಇಟ್ಟಿತು, ಸವರಿ ಬಿಟ್ಟಿತು. ಚೆಂಡನ್ನು ಸವರಿ ಬಿಟ್ಟಿತು. ಫರ್ಹಾನಾಳ ಕೈಯನ್ನು ಸವರಿ ಬಿಟ್ಟಿತು. ಊರವರ ಕೈಯನ್ನೆಲ್ಲ ಕಣ್ಣು ಮುಚ್ಚಿ ಗುರುತು ಹಿಡಿಯುತ್ತಿದ್ದವಳು ತನ್ನ ಕೈಯನ್ನು ಗುರುತು ಹಿಡಿದಿರಲಿಲ್ಲ. ಹೇಗೆ ಹಿಡಿದಾಳು? ಅಂಗಡಿಯಲ್ಲಿ ಅವಳ ಕಣ್ಣು, ಮನಸ್ಸು ಎಲ್ಲ ಬಲಗೈ ಬೆರಳ ನಡುವಿನ ಗಾಜಿನ ಮೇಲಿರುತ್ತಿತ್ತು. ಹೆದರಿ ಬಿಗಿದುಕೊಂಡ ಕೈಗಳನ್ನು ಹಿಡಿದು, ಸವರಿ, ಸಡಿಲ ಮಾಡುತ್ತಿದ್ದದ್ದು ಎಡಗೈ. ಅದನ್ನು ಅವಳು ಒಂದು ದಿನವೂ ನೋಡಿರಲಿಲ್ಲ.

ಹಾಗಾದರೆ ಬೇರೆಯವರು ಹಿಡಿದ ಹಾಗೆ ಯಾಕೆ ಆಗುತ್ತಿತ್ತು ಎಂದು ಕೇಳಿದಳು. ತಾನೇ ಹೇಳಿ ಮಾಡಿಸಿದ ಸ್ಪರ್ಶವನ್ನು ಮೆದುಳು ಗಣನೆಗೆ ತೆಗೆದುಕೊಳ್ಳುವುದಿಲ್ಲ, ಅದಕ್ಕೇ ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬಾರದು ಎಂದು ಫರ್ಹಾನಾ ಹೇಳಿದಳು. ಯಂತ್ರದ ಮೂಲಕ ಬಂದದ್ದು ಮೆದುಳು ಹೇಳಿ ಮಾಡಿಸಿದ್ದಲ್ಲ. ಆದ್ದರಿಂದ ಅದು ಪರರದೆಂದು ತೋರಿತು. ಗುರಸಿದ್ದವ್ವ ಕೇಳಿಸಿಕೊಂಡಳು. ತಟ್ಟೆಯಿಂದ ಇನ್ನೊಂದು ಬಳೆ ಎತ್ತಿ, ರಬ್ಬರಿನ ಕೈಗೆ ಒಂದೇ ಸಲಕ್ಕೆ ದಾಟಿಸಿ, ಪಟ್ಟಿ ಬಿಚ್ಚಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟಳು.

*

ಮನೆಯಲ್ಲಿ ಸಂಜೆಯಾಯಿತು. ರೂಢಿಯ ಬಲದಿಂದ ಮುಖ ತೊಳೆದು ಕುಳಿತಳು. ಡಬ್ಬಿ, ಪಟ್ಟಿ, ಗವಸು ಎಲ್ಲ ಕೇಂದ್ರದಲ್ಲೇ ಉಳಿದಿದ್ದವು. ಎಡಗೈಯಿಂದ ಬಲಗೈಯನ್ನು ಹಿಡಿದು ನೋಡಿದಳು. ಸವರಿದಳು. ಫರ್ಹಾನಾ ಹೇಳಿದ್ದು ನಿಜ, ಏನೂ ಆಗಲಿಲ್ಲ. ಎರಡು ಕೈ ಒಂದರ ಮೇಲೊಂದು ಬಿದ್ದಿದ್ದವು, ಅಷ್ಟೇ. ಲಕ್ವ ಹೊಡೆದ ಮೇಲೆ ಅಂದು ಅವಳು ಮೊದಲ ಬಾರಿಗೆ ಜೋರಾಗಿ ಅತ್ತಳು. ಗಂಡ ಸತ್ತಾಗ ಅಳಲು ಜೊತೆಗೆ ಜನರಿದ್ದರು. ಇಲ್ಲದಿದ್ದವಳು ಇಲ್ಲವಾದಾಗ ಯಾರನ್ನು ಕರೆದು ಹೇಳುವುದು?

ಕೈ ಬಂತು. ಫರ್ಹಾನಾ ಕಲಿಸಿಕೊಟ್ಟ ಅಭ್ಯಾಸಗಳನ್ನು ಯಾರ ಮೇಲೋ ಸೇಡು ತೀರಿಸುವವಳಂತೆ ಮಾಡಿದಳು. ಬಲಗೈಯಲ್ಲಿ ಉಂಡಳು. ಅಂಗಡಿಯ ಬಾಗಿಲು ತೆಗೆದಳು. ಗಿರಾಕಿಗಳು ಬಂದರು, ಮೊದಲಿಗಿಂತ ನಿಧಾನವಾಗಿ ಇಡಿಸಿದರೂ ಕಾದು ಕುಳಿತರು. ಅವರು ಮಾತಾಡಿ, ಬಳೆ ಇಡಿಸಿಕೊಂಡು, ಕಣ್ಣಿಗೊತ್ತಿಕೊಂಡು ಹೋದ ಮೇಲೆ ಸಂಜೆ ಬರುತ್ತಿತ್ತು. ಈಗ ಅವಳಿಗೆ ಕೈ ಇತ್ತು, ಜೊತೆ ಇರಲಿಲ್ಲ. ಒಂದು ಮಾತ್ರ ಬದಲಾಗಿತ್ತು. ಬಳೆ ಇಡಿಸುವಾಗ ಆಗಾಗ ಅವಳ ಕಣ್ಣು ಗಾಜನ್ನು ಬಿಟ್ಟು ಎಡಗೈಯ ಕಡೆಗೆ ಹೋಗುತ್ತಿತ್ತು. ಗಿರಾಕಿಯ ಮುಂಗೈಯನ್ನು ಅದು ಸವರುವುದನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದಳು. ಅದು ಎಲ್ಲರಿಗೂ ಸಿಗುತ್ತಿತ್ತು, ಅವಳೊಬ್ಬಳನ್ನು ಬಿಟ್ಟು.

ಸಾವಂತ್ರೆವ್ವ ಒಂದು ಮಧ್ಯಾಹ್ನ ರೊಟ್ಟಿ ಕೊಡಲು ಬಂದಾಗ ಗುರಸಿದ್ದವ್ವ ಫೋನಿನಲ್ಲಿದ್ದಳು. ಆ ಕಡೆ ಫರ್ಹಾನಾ. ಒಬ್ಬ ಹೆಂಗಸು ಕೇಂದ್ರಕ್ಕೆ ಬಂದಿದ್ದಾಳೆ, ಎರಡು ಸಲ ಲಕ್ವ ಹೊಡೆದು ಎರಡೂ ಕೈ ಹೋಗಿವೆ. ಹಾಗಾಗಿ ಅವಳದೇ ಕೈಯಿಂದ ಅವಳಿಗೆ ಕಲಿಸಲು ಬರುವುದಿಲ್ಲ. ಹತ್ತಿರದವರು ಯಾರೂ ಇಲ್ಲ. ಕೂಡಿಟ್ಟ ಕೈಗಳನ್ನೆಲ್ಲ ಹಾಕಿ ನೋಡಿದೆವು, ಅವಳು ಹೆದರಿ ಬಿಗಿದುಕೊಳ್ಳುತ್ತಾಳೆ. ನಿಮ್ಮ ಹಳೆಯ ದಾಖಲೆ ಒಂದು ದಿನದ್ದು, ಅದು ಸಾಲದು. ಕೇಳಲು ನನಗೆ ಬಾಯಿಲ್ಲ, ಆದರೂ ಕೇಳುತ್ತಿದ್ದೇನೆ ಎಂದಳು. ಗುರಸಿದ್ದವ್ವ ಫೋನು ಇಟ್ಟಳು. ಮರುದಿನ ಅಂಗಡಿಯ ಬಾಗಿಲು ಹಾಕಿ ರೈಲು ಹತ್ತಿದಳು.

*

ಎಡಗೈಗೆ ಗವಸು ಹಾಕಿದರು. ರಬ್ಬರಿನ ಕೈಯನ್ನು ಮುಂದಿಟ್ಟಾಗ ಗುರಸಿದ್ದವ್ವ ಅದನ್ನು ಬದಿಗೆ ಸರಿಸಿದಳು. ರಬ್ಬರು ಹೆದರುವುದೂ ಇಲ್ಲ, ಸಡಿಲ ಬಿಡುವುದೂ ಇಲ್ಲ, ಅದನ್ನು ಹಿಡಿದು ಏನು ಕಲಿಸುವುದು ಎಂದಳು. ಫರ್ಹಾನಾ ಸಹಾಯಕಿಯನ್ನು ಪರದೆಯ ಮುಂದೆ ಕೂರಿಸಿ, ತಾನೇ ಬಂದು ಕೈ ಚಾಚಿದಳು.

ಮೊದಲ ಕೆಲವು ಹಿಡಿತಗಳು ಕೆಟ್ಟವು. ತಾನು ಹೇಗೆ ಹಿಡಿಯುತ್ತೇನೆ ಎಂದು ನೋಡುತ್ತಾ ಹಿಡಿದರೆ ಬೆರಳು ಮರದಂತಾಗುತ್ತಿದ್ದವು. ಸವರಬೇಕೆಂದು ಸವರಿದರೆ ಹೆಬ್ಬೆರಳು ಒರೆಸುವ ಬಟ್ಟೆಯಂತೆ ಒರಟಾಗಿ ಓಡುತ್ತಿತ್ತು. ಗುರಸಿದ್ದವ್ವ ಕೈ ಬಿಟ್ಟು ಸುಮ್ಮನೆ ಕುಳಿತಳು. ಎರಡೂ ಕೈ ಮುಚ್ಚಿಕೊಂಡವಳು ನೊಣ ಕೂತರೆ ಹೇಗೆ ಓಡಿಸುತ್ತಾಳೆ? ಕಣ್ಣೀರು ಬಂದರೆ ಯಾತರಿಂದ ಒರೆಸಿಕೊಳ್ಳುತ್ತಾಳೆ? ತನಗಾದರೋ ಗೋಡೆಗೆ ಮುಖ ಮಾಡಿ ಉಣ್ಣಲು ಒಂದು ಹೊಲಸು ಕೈಯಾದರೂ ಇತ್ತು. ಅವಳಿಗೆ ಅದೂ ಇಲ್ಲ. ಆ ಕಾಣದ ಹೆಂಗಸಿನ ಮೇಲೆ ಗುರಸಿದ್ದವ್ವನಿಗೆ ಕನಿಕರ ಬಂತು. ಫರ್ಹಾನಾಳ ಕೈಯನ್ನು ಮತ್ತೆ ತೆಗೆದುಕೊಂಡಾಗ ಅವಳು ಹಿಡಿದದ್ದು ಫರ್ಹಾನಾಳ ಕೈಯಲ್ಲ.

ಆ ದಿನವೆಲ್ಲ, ಮರುದಿನವೂ ಹಿಡಿದಳು. ಲೋಟ ಹಿಡಿದಳು, ಬಾಚಣಿಗೆ ಹಿಡಿದಳು, ತುತ್ತು ಕಲಸಿದಳು. ಪ್ರತಿ ಪಾಠದ ಕೊನೆಗೆ ಫರ್ಹಾನಾಳ ಕೈಯನ್ನು ತೆಗೆದುಕೊಂಡು, ಕೆಲಸ ಮುಗಿದ ಮೇಲೂ ಬಿಡದೆ, ಬಹಳ ಹೊತ್ತು ಹಾಗೆಯೇ ಇಟ್ಟುಕೊಂಡಳು. ಸಹಾಯಕಿ ಪರದೆಯ ಮುಂದಿನಿಂದ ಕೂಗಿ ಹೇಳಿದಳು, ಇಲ್ಲಿ ಗೆರೆ ಸುಮ್ಮನೆ ಉದ್ದಕ್ಕೆ ಹೋಗುತ್ತಿದೆ, ಪಾಠಕ್ಕೆ ಇದರಿಂದ ಉಪಯೋಗವಿಲ್ಲ, ಯಂತ್ರ ಇದನ್ನು ಕತ್ತರಿಸಿ ಹಾಕುತ್ತದೆ ಎಂದು.

"ಕತ್ತರಿಸಬ್ಯಾಡ್ರಿ," ಎಂದಳು ಗುರಸಿದ್ದವ್ವ. "ಅದಕ್ಕಂತ ನಾ ಬಂದೀನಿ."

ಕತ್ತರಿಸಬೇಡ ಎಂದು ಫರ್ಹಾನಾ ಸಹಾಯಕಿಗೆ ಸನ್ನೆ ಮಾಡಿದಳು. ಅವಳ ಕೈ ಇನ್ನೂ ಗುರಸಿದ್ದವ್ವನ ಕೈಯಲ್ಲೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ, ಆ ಹೆಂಗಸು ಯಾರ ಕೈ ಎಂದು ಕೇಳಿದರೆ ಏನು ಹೇಳಲಿ, ಹೆಸರು ಹೇಳುವ ಹಾಗಿಲ್ಲವಲ್ಲ ಎಂದು ಕೇಳಿದಳು.

ಗುರಸಿದ್ದವ್ವ ಆ ಕೈಯನ್ನು ಇನ್ನೊಮ್ಮೆ ಸವರಿದಳು.

"ಹೆಸರು ಬ್ಯಾಡ," ಎಂದಳು. "ಈ ಕೈ ಹಿಂದ ಯಾರರ ಅದಾರೇನು ಅಂತ ಕೇಳಿದ್ರ, ಅದಾರ ಅಂತ ಹೇಳ್ರಿ. ಆಕಿಗೆ ಹೇಳೂದು ಸುಳ್ಳಾಗೂದಿಲ್ಲ."